ಗೊಲ್ಗೊಥಾ ಯಾವ ಭಾಷೆಯ ಹೆಸರು?

ಗ್ರೀಕ್ ಹೊಸ ಒಡಂಬಡಿಕೆಯಲ್ಲಿ 'ಹೆಬ್ರಾಯಿಸ್ತಿ' ಅಂತ ಒಂದು ಪದ ಇದೆ. ಬರುವುದು ಏಳೇ ಸಲ: ಯೋಹಾನನ ಸುವಾರ್ತೆಯಲ್ಲಿ ಐದು, ಪ್ರಕಟನೆಯಲ್ಲಿ ಎರಡು. ನೇರ ಅರ್ಥ 'ಹೀಬ್ರೂ ಭಾಷೆಯಲ್ಲಿ'. ಹಳೆಯ ಕನ್ನಡ ಬೈಬಲ್ ಕೂಡ 'ಇಬ್ರಿಯ ಭಾಷೆ' ಎಂದೇ ಹೇಳುತ್ತದೆ. ಹಾಗಾದರೆ ಅದು ಹೀಬ್ರೂವೋ ಬೇರೆ ಭಾಷೆಯೋ ಅಂತ ವಿದ್ವಾಂಸರಲ್ಲಿ ಜಗಳ ಯಾಕೆ?

ತೊಡಕಿರುವುದು ಪದದಲ್ಲಲ್ಲ, ಅದರ ಜೊತೆ ಬರುವ ಹೆಸರುಗಳಲ್ಲಿ. ಯೇಸುವನ್ನು ಶಿಲುಬೆಗೇರಿಸಿದ ಜಾಗವನ್ನು 'ಹೆಬ್ರಾಯಿಸ್ತಿ ಗೊಲ್ಗೊಥಾ' ಅನ್ನುತ್ತಾರೆ ಎಂದು ಯೋಹಾನ 19:17 ಹೇಳುತ್ತದೆ. ಗೊಲ್ಗೊಥಾ ಅಂದರೆ ತಲೆಬುರುಡೆ. ಆದರೆ ಹೀಬ್ರೂನಲ್ಲಿ ಬುರುಡೆಗೆ 'ಗುಲ್ಗೋಲೆತ್' ಅನ್ನಬೇಕು. ಕೊನೆಗೊಂದು 'ಆ' ಅಂಟಿಸುವುದು ಸೋದರಭಾಷೆ ಅರಾಮಿಕ್‌ನ ರೂಢಿ. ರೋಮನ್ ಅಧಿಪತಿ ಪಿಲಾತನ ನ್ಯಾಯಪೀಠ ಇದ್ದ 'ಗಬ್ಬಥಾ'ಕ್ಕೂ ಅದೇ ಬಾಲ.

19ನೇ ಶತಮಾನ ಮುಗಿಯುವ ಹೊತ್ತಿಗೆ ಬಹಳಷ್ಟು ವಿದ್ವಾಂಸರು ಲೆಕ್ಕ ಮುಗಿಸಿಬಿಟ್ಟಿದ್ದರು. ಜನ ಆಡುತ್ತಿದ್ದದ್ದು ಅರಾಮಿಕ್, ಹೀಬ್ರೂ ಬರೀ ಶಾಸ್ತ್ರದ ಭಾಷೆ, ಹಾಗಾಗಿ ಹೆಬ್ರಾಯಿಸ್ತಿ ಅಂದರೂ ಅರಾಮಿಕ್ಕೇ.

1947ರಿಂದ ಮೃತ ಸಮುದ್ರದ ಬಳಿಯ ಕುಮ್ರಾನ್ ಗುಹೆಗಳಲ್ಲಿ ಯೇಸುವಿನ ಕಾಲದ ಆಸುಪಾಸಿನ ಸುರುಳಿಗಳು ಸಿಗತೊಡಗಿದವು. ಹೆಚ್ಚಿನವು ಹೀಬ್ರೂ. ಅವನ್ನೂ 'ಶಾಸ್ತ್ರ' ಅಂತ ಬದಿಗಿಡಬಹುದಿತ್ತು. ಆದರೆ 1960–61ರಲ್ಲಿ ಯೂದಾಯ ಮರುಭೂಮಿಯ ಗುಹೆಯೊಂದರಲ್ಲಿ ಸಿಕ್ಕ ಬಾರ್ ಕೊಖ್ಬಾ ಪತ್ರಗಳನ್ನು ಏನು ಮಾಡುವುದು? ರೋಮ್ ವಿರುದ್ಧ ಕ್ರಿ.ಶ. 132ರಲ್ಲಿ ದಂಗೆ ಎದ್ದವನು ತನ್ನವರಿಗೆ ಕಳಿಸಿದ ಕೆಲಸದ ಕಾಗದಗಳು ಅವು. ಅರಾಮಿಕ್ ಇದೆ, ಗ್ರೀಕ್ ಇದೆ, ಹೀಬ್ರೂ ಕೂಡ ಇದೆ. ಸತ್ತ ಭಾಷೆಯಲ್ಲಿ ಯಾರಾದರೂ ಗಡಿಬಿಡಿಯಲ್ಲಿ ಹುಕುಂ ಬರೀತಾರಾ?

2014ರಲ್ಲಿ ರ್‍ಯಾಂಡಲ್ ಬುತ್ ಮತ್ತು ಚಾಡ್ ಪಿಯರ್ಸ್ ಎಂಬ ವಿದ್ವಾಂಸರು ಈ ಪದವನ್ನೇ ಹಿಡಿದು, ಹೆಬ್ರಾಯಿಸ್ತಿ ಅಂದರೆ ಹೀಬ್ರೂವೇ ಅಂತ ಲೇಖನ ಬರೆದರು. ಅರಾಮಿಕ್‌ಗೆ ಗ್ರೀಕ್‌ನಲ್ಲಿ 'ಸಿರಿಸ್ತಿ' ಅಂತ ಬೇರೆಯೇ ಪದ ಇತ್ತಲ್ಲ, ಅಂದರು. ಹಳೆ ಒಡಂಬಡಿಕೆಯ ಗ್ರೀಕ್ ಅನುವಾದದಲ್ಲಿ ಯೆರೂಸಲೇಮಿನ ಅಧಿಕಾರಿಗಳು ಅಸ್ಸೀರಿಯದ ದೂತನನ್ನು ಬೇಡಿಕೊಳ್ಳುವ ಮಾತು ನೋಡಿ: ನಮ್ಮ ಹತ್ತಿರ ಸಿರಿಸ್ತಿಯಲ್ಲಿ ಮಾತಾಡಿ, ಗೋಡೆ ಮೇಲಿನ ಜನಕ್ಕೆ ಕೇಳಿಸುವಂತೆ ನಮ್ಮ ಮಾತಲ್ಲಿ ಬೇಡ.

ಸರಿ, ಗೊಲ್ಗೊಥಾದ ಬಾಲ? ಹೆಸರು ಎರವಲು ಬಂದಿರಬಹುದು ಅನ್ನುವುದು ಅವರ ಉತ್ತರ. ಬಸ್ಸಿಗೆ ಕನ್ನಡದಲ್ಲಿ ಏನಂತೀರಾ ಅಂತ ಕೇಳಿದರೆ ನಾವೂ ಬಸ್ಸು ಅಂತಲೇ ಹೇಳ್ತೀವಿ, ಅಲ್ವಾ? ಎಲ್ಲರೂ ಇದನ್ನು ಒಪ್ಪಿಲ್ಲ. ಹೀಬ್ರೂ, ಅರಾಮಿಕ್ ಎನ್ನದೆ ಯೆಹೂದ್ಯರ ಮಾತಿಗೆಲ್ಲ ಸೇರಿ ಹೆಬ್ರಾಯಿಸ್ತಿ ಅನ್ನುವ ಹೆಸರು ಸಡಿಲವಾಗಿ ಬಳಕೆಯಲ್ಲಿತ್ತು ಅನ್ನುವವರು ಈಗಲೂ ಇದ್ದಾರೆ.

ಈ ನಡುವೆ ಜಾಸ್ತಿ ಓದುವ ಕೆಲವು ಇಂಗ್ಲಿಷ್ ಬೈಬಲ್‌ಗಳಲ್ಲಿ ಗೊಲ್ಗೊಥಾ 'ಅರಾಮಿಕ್‌ನಲ್ಲಿ', ಪ್ರಕಟನೆ 16:16ರ ಹರ್ಮಗೆದೋನ್ ಮಾತ್ರ 'ಹೀಬ್ರೂನಲ್ಲಿ' ಎಂದಿದೆ. ಗ್ರೀಕ್ ಪುಟದಲ್ಲಿ ಎರಡೂ ಕಡೆ ಇರುವುದು ಹೆಬ್ರಾಯಿಸ್ತಿ.