ಮುಂದೆ ಬರುವವರನ್ನು ಕಾಣದ ಕೌಂಟರ್

ಸರತಿ ಸಾಲಿನ ತಂತ್ರಾಂಶ ಬರೆಯುವವರ ಮಾತಿನಲ್ಲಿ ‘ಆನ್‌ಲೈನ್’ ಎಂಬುದಕ್ಕೂ ಅಂತರ್ಜಾಲಕ್ಕೂ ಸಂಬಂಧವಿಲ್ಲ. ಮುಂದೆ ಯಾವ ಕೆಲಸ ಬರುತ್ತದೆ, ಅದು ಎಷ್ಟು ಹೊತ್ತು ಹಿಡಿಯುತ್ತದೆ ಎಂಬುದು ತಿಳಿಯದೆ, ಬಂದದ್ದನ್ನು ಬಂದ ಗಳಿಗೆಯಲ್ಲೇ ಹಂಚಬೇಕಾದ, ಹಂಚಿದ ಮೇಲೆ ಹಿಂದೆಗೆಯಲಾಗದ ಸ್ಥಿತಿಗೆ ಆ ಹೆಸರು.

ಮೂರು ಕೌಂಟರ್‌ಗಳಿವೆ ಎಂದುಕೊಳ್ಳಿ. ತಲಾ ಹತ್ತು ನಿಮಿಷದ ಕೆಲಸವಿರುವ ಆರು ಜನ ಒಬ್ಬರ ಹಿಂದೊಬ್ಬರು ಬರುತ್ತಾರೆ. ಯಾವ ಕೌಂಟರ್ ಮೊದಲು ಬಿಡುವಾಗುತ್ತದೋ ಅಲ್ಲಿಗೆ ಕಳುಹಿಸಿದರೆ ಮೂರೂ ಕಡೆ ಇಬ್ಬಿಬ್ಬರಾಗುತ್ತಾರೆ. ಅವರ ಬೆನ್ನಿಗೇ ಮೂವತ್ತು ನಿಮಿಷದ ಕೆಲಸ ಹೊತ್ತ ಏಳನೆಯವರು ಬಂದರೆ ಎಲ್ಲವೂ ಮುಗಿಯುವುದು ಐವತ್ತನೇ ನಿಮಿಷಕ್ಕೆ. ಇದನ್ನು ಮೊದಲೇ ಬಲ್ಲವನು ಒಂದು ಕೌಂಟರನ್ನು ಅವರಿಗೆ ಮೀಸಲಿಟ್ಟು, ಉಳಿದ ಆರು ಜನರನ್ನು ಎರಡು ಕಡೆಗೆ ಹಂಚಿ, ಮೂವತ್ತೇ ನಿಮಿಷದಲ್ಲಿ ಮುಗಿಸುತ್ತಿದ್ದ. ಬೆಲ್ ಲ್ಯಾಬ್ಸ್‌ನ ಗಣಿತಜ್ಞ ರೊನಾಲ್ಡ್ ಗ್ರಹಾಂ 1966ರಲ್ಲಿ ತೋರಿಸಿಕೊಟ್ಟಂತೆ, ಮೊದಲು ಬಿಡುವಾದ ಕೌಂಟರಿಗೆ ಕಳುಹಿಸುವ ಈ ಸರಳ ನಿಯಮ ಎಂಥ ಕೆಟ್ಟ ಕ್ರಮದಲ್ಲಿ ಕೆಲಸಗಳು ಬಂದರೂ, ಎಲ್ಲವನ್ನೂ ಮೊದಲೇ ಬಲ್ಲ ಆ ಸರ್ವಜ್ಞನ ಅವಧಿಯ ಎರಡು ಪಟ್ಟನ್ನು ಮುಟ್ಟುವುದಿಲ್ಲ. ಕಾರಣ ಸರಳ: ಕೊನೆಗೆ ಮುಗಿಯುವ ಕೆಲಸ ಆರಂಭವಾಗುವವರೆಗೆ ಯಾವ ಕೌಂಟರೂ ಖಾಲಿ ಕೂತಿರುವುದಿಲ್ಲ, ಹಾಗಾಗಿ ಅಷ್ಟು ಹೊತ್ತು ಸರ್ವಜ್ಞನ ಅವಧಿಯನ್ನು ಮೀರದು; ಆರಂಭವಾದ ಮೇಲೆ ಅದಕ್ಕೆ ಹಿಡಿಯುವ ಹೊತ್ತು ಸರ್ವಜ್ಞನಿಗೂ ತಪ್ಪಿದ್ದಲ್ಲ.

ಹೀಗೆ ಸರ್ವಜ್ಞನೊಡನೆ ಹೋಲಿಸಿ ಅಳೆಯುವ ಕ್ರಮಕ್ಕೆ 1985ರಲ್ಲಿ ಕಂಪ್ಯೂಟರ್ ವಿಜ್ಞಾನಿಗಳಾದ ಸ್ಲೀಟರ್ ಮತ್ತು ಟಾರ್ಜನ್ ಗಟ್ಟಿ ನೆಲೆ ಒದಗಿಸಿದರು. ನನಗೆ ಈ ಅಳತೆಯ ಮೇಲೆ ಗೌರವವಿದೆ. ಆದರೆ ಸಾಲಿನಲ್ಲಿ ನಿಂತವರು ಅಳೆಯುವುದು ಅವರವರ ಕಾಯುವಿಕೆಯನ್ನೇ ಹೊರತು ಕೊನೆಯ ಕೆಲಸ ಮುಗಿದ ಹೊತ್ತನ್ನಲ್ಲ. ಆಗಮನವೂ ಸೇವೆಯ ಅವಧಿಯೂ ಯಾದೃಚ್ಛಿಕವಾಗಿರುವ ಒಂಟಿ ಕೌಂಟರಿನ ಸರಳ ಮಾದರಿಯಲ್ಲಿ, ಸಿಬ್ಬಂದಿ ಶೇ 80ರಷ್ಟು ಹೊತ್ತು ಕೆಲಸದಲ್ಲಿದ್ದರೆ ಸರಾಸರಿ ಕಾಯುವಿಕೆ ಒಬ್ಬರ ಸೇವಾವಧಿಯ 4 ಪಟ್ಟು; ಶೇ 90ಕ್ಕೆ 9 ಪಟ್ಟು, ಶೇ 95ಕ್ಕೆ 19 ಪಟ್ಟು. ‘ಕೌಂಟರ್ ಯಾಕೆ ಖಾಲಿ ಇದೆ?’ ಎಂದು ಗದರುವ ವ್ಯವಸ್ಥಾಪಕರಿಗೆ ನಾನು ಮೊದಲು ಬರೆದು ತೋರಿಸುವುದು ಈ ಮೂರು ಅಂಕಿಗಳನ್ನೇ.

ಒಂದು ಆಸ್ಪತ್ರೆಯ ಬಿಲ್ಲಿಂಗ್ ಸಾಲಿಗೆ ನಾನು ‘ಚಿಕ್ಕ ಕೆಲಸ ಮೊದಲು’ ಎಂಬ ನಿಯಮ ಹಾಕಿದ್ದೆ. ಕಾದು ಕುಳಿತವರ ಸರಾಸರಿ ಕಾಯುವಿಕೆಯನ್ನು ತಗ್ಗಿಸಲು ಅದಕ್ಕಿಂತ ಉತ್ತಮ ಕ್ರಮವಿಲ್ಲವೆಂಬುದು ನಿಜ, ಸರಾಸರಿ ಇಳಿದದ್ದೂ ನಿಜ. ಆದರೆ ಎರಡು ನಿಮಿಷದ ಹೊರರೋಗಿ ಬಿಲ್ಲುಗಳು ಬರುತ್ತಲೇ ಇದ್ದುದರಿಂದ, ಅರ್ಧ ಗಂಟೆ ಹಿಡಿಯುವ ವಿಮೆಯ ಡಿಸ್ಚಾರ್ಜ್ ಬಿಲ್ಲಿನವರು ಬೆಳಗ್ಗೆ ಟೋಕನ್ ಪಡೆದು ಮಧ್ಯಾಹ್ನದವರೆಗೂ ಕುಳಿತೇ ಇದ್ದರು. ತಪ್ಪು ನನ್ನದೇ.

ಪರಿಹಾರವಾಗಿ, ಕಾದ ಪ್ರತಿ ನಿಮಿಷಕ್ಕೆ ಕೆಲಸದ ಅಂದಾಜು ಅವಧಿಯಲ್ಲಿ ಒಂದು ನಿಮಿಷ ಕಳೆದು, ಉಳಿದದ್ದು ಯಾರದು ಕಡಿಮೆಯೋ ಅವರನ್ನು ಮೊದಲು ಕರೆಯುವಂತೆ ಮಾಡಿದೆ. ಗಡಿಯಾರ ಎಲ್ಲರಿಗೂ ಒಂದೇ ವೇಗದಲ್ಲಿ ಓಡುವುದರಿಂದ ಕ್ಷಣಕ್ಷಣಕ್ಕೂ ಲೆಕ್ಕ ಹಾಕುವ ಅಗತ್ಯವೇ ಇಲ್ಲ; ಬಂದ ಸಮಯಕ್ಕೆ ಅಂದಾಜು ಅವಧಿ ಕೂಡಿಸಿದರೆ ಸ್ಥಾನ ನಿಶ್ಚಯವಾಗುತ್ತದೆ. ಹತ್ತು ಗಂಟೆಗೆ ಬಂದ ಮೂವತ್ತು ನಿಮಿಷದ ಬಿಲ್ಲಿನವರನ್ನು, 10.28ರ ನಂತರ ಬಂದ ಎರಡು ನಿಮಿಷದವರು ಯಾರೂ ದಾಟಲಾರರು.