ತಂದು ಬಿಟ್ಟ ಮೀನಿನ ಅರವತ್ತು ವರ್ಷ: ಮಿಶಿಗನ್ ಸರೋವರದ ಸಾಲ್ಮನ್

ಆಗಸ್ಟ್ ಬಂತೆಂದರೆ ಅಮೆರಿಕದ ಮಿಶಿಗನ್ ಸರೋವರದ ದಡದ ಊರುಗಳಲ್ಲಿ, ಲಡಿಂಗ್ಟನ್, ಮ್ಯಾನಿಸ್ಟಿ, ಫ್ರಾಂಕ್‌ಫರ್ಟ್ ಕಡೆ, ಬೆಳಕು ಹರಿಯುವ ಮೊದಲೇ ದೋಣಿಗಳು ಸಾಲಾಗಿ ಹೊರಡುತ್ತವೆ. ಎಲ್ಲರಿಗೂ ಬೇಕಾದದ್ದು ಚಿನೂಕ್ ಸಾಲ್ಮನ್. ಹಿಡಿದದ್ದರಲ್ಲಿ ಒಂದಿಷ್ಟು ಅವತ್ತೇ ಒಲೆಗೆ ಹೋಗುತ್ತದೆ. ಉಳಿದದ್ದು ಉಪ್ಪುನೀರಿಗೆ, ಮಾರನೇ ದಿನ ಹೊಗೆಗೆ. ಹೊಸದಾಗಿ ನೋಡುವವರಿಗೆ ಇದು ಮುತ್ತಜ್ಜನ ಕಾಲದಿಂದ ನಡೆದು ಬಂದದ್ದು ಅನ್ನಿಸುವುದು ಸಹಜ. ಆದರೆ 1966ಕ್ಕೆ ಮೊದಲು ಇಲ್ಲಿ ಸಾಲ್ಮನ್ ಮೀನುಗಾರಿಕೆಯೇ ಇರಲಿಲ್ಲ. ಇದು ಪೆಸಿಫಿಕ್ ಸಾಗರದ ಮೀನು. ಸಾವಿರಾರು ಕಿಲೋಮೀಟರ್ ದೂರದ ಈ ಸಿಹಿನೀರಿಗೆ ಸರ್ಕಾರ ಅದನ್ನು ತಂದು ಬಿಟ್ಟಿತು, ಅದೂ ಒಂದು ದೊಡ್ಡ ಅನಾಹುತಕ್ಕೆ ಉತ್ತರವಾಗಿ. ಆ ಅನಾಹುತ ಏನು ಅಂತ ತಿಳಿಯದೆ, ಇವತ್ತು ಅಲ್ಲಿ ನಡೆಯುತ್ತಿರುವ "ಮರಿ ಎಷ್ಟು ಬಿಡಬೇಕು" ಎಂಬ ಜಗಳ ಅರ್ಥವಾಗುವುದಿಲ್ಲ.

ಸರೋವರ ಎಂದ ಕೂಡಲೇ ನಮ್ಮ ಕಣ್ಣಿಗೆ ಬರುವ ಕೆರೆಯ ಅಳತೆ ಇದಕ್ಕೆ ಸಾಲದು. ಉದ್ದ ಸುಮಾರು 494 ಕಿ.ಮೀ., ಅಂದರೆ ಕಾರವಾರದಿಂದ ಮಂಗಳೂರಿನವರೆಗಿನ ನಮ್ಮ ಇಡೀ ಕರಾವಳಿಗಿಂತ ಜಾಸ್ತಿ. ವಿಸ್ತೀರ್ಣ 58,000 ಚದರ ಕಿ.ಮೀ. ಹತ್ತಿರ, ಆಳ ಕೆಲವೆಡೆ 280 ಮೀಟರ್. ಈ ನೀರಿನ ರಾಜ ಅಂದರೆ ಲೇಕ್ ಟ್ರೌಟ್. ಅದರ ಜೊತೆಗೆ ವೈಟ್‌ಫಿಶ್, ಚಬ್, ಸ್ಟರ್ಜನ್. ಒಡಾವಾ, ಒಜಿಬ್ವೆ ಜನರು ಈ ಮೀನುಗಳನ್ನೇ ಹಿಡಿದು, ಒಣಗಿಸಿ, ಹೊಗೆಗೆ ಇಟ್ಟು ಚಳಿಗಾಲ ಕಳೆಯುತ್ತಿದ್ದರು. ಆಮೇಲೆ ಬಂದ ಯುರೋಪಿನ ಬೆಸ್ತರೂ ಅದನ್ನೇ ಮಾಡಿದರು. ಲೀಲ್ಯಾಂಡ್ ಊರಿನ ಫಿಶ್‌ಟೌನ್‌ನಲ್ಲಿ ಮರದ ಹಳೇ ಶೆಡ್ಡುಗಳು ಇನ್ನೂ ಇವೆ. ಹೊಗೆ ಹಾಕಿದ ಮೀನು ಅಲ್ಲಿ ಇವತ್ತಿಗೂ ಸಿಗುತ್ತದೆ.

ಕೆಟ್ಟದ್ದು ಶುರುವಾದದ್ದು ಕಾಲುವೆಯಿಂದ. ಅಟ್ಲಾಂಟಿಕ್ ಕಡೆಯ ಜಲಚರಗಳು ಮೇಲಿನ ಸರೋವರಗಳಿಗೆ ಬರದಂತೆ ನಯಾಗರ ಜಲಪಾತ ಸಾವಿರಾರು ವರ್ಷ ಅಡ್ಡ ನಿಂತಿತ್ತು. ಹಡಗುಗಳಿಗೆ ದಾರಿ ಬೇಕು ಅಂತ 1829ರಲ್ಲಿ ಕೆನಡಾದ ವೆಲ್ಯಾಂಡ್ ಕಾಲುವೆ ತೆರೆಯಿತು, ಇಪ್ಪತ್ತನೇ ಶತಮಾನದ ಮೊದಲಲ್ಲಿ ಅದನ್ನು ಇನ್ನಷ್ಟು ಆಳ, ಅಗಲ ಮಾಡಿದರು. ಹಡಗಿನ ದಾರಿಯಲ್ಲೇ ಸಮುದ್ರ ಲ್ಯಾಂಪ್ರೆ ಬಂತು. 1921ಕ್ಕೆ ಈರಿ ಸರೋವರದಲ್ಲಿ ಕಂಡಿತು, 1936ಕ್ಕೆ ಮಿಶಿಗನ್‌ನಲ್ಲಿ. ನೋಡಲು ಹಾವುಮೀನಿನ ಹಾಗೆ ಉದ್ದಕ್ಕಿರುತ್ತದೆ, ಆದರೆ ದವಡೆಯೇ ಇಲ್ಲ. ಬಾಯಿ ಒಂದು ದುಂಡನೆಯ ಬಟ್ಟಲು. ಅದರೊಳಗೆ ಸುತ್ತುಸುತ್ತಾಗಿ ಹಲ್ಲು, ನಡುವೆ ಗರಗಸದಂಥ ನಾಲಿಗೆ. ದೊಡ್ಡ ಮೀನಿನ ಮೈಗೆ ಕಚ್ಚಿಕೊಂಡು, ಚರ್ಮ ಕೆರೆದು, ರಕ್ತ ಹೆಪ್ಪುಗಟ್ಟದಂತೆ ಒಂದು ರಸ ಬಿಟ್ಟು ಹೀರುತ್ತಲೇ ಇರುತ್ತದೆ. ಒಂದು ಲ್ಯಾಂಪ್ರೆ ತನ್ನ ಜೀವಮಾನದಲ್ಲಿ ಸುಮಾರು 18 ಕಿಲೋ ಮೀನು ಕೊಲ್ಲಬಲ್ಲದು. ಅಟ್ಲಾಂಟಿಕ್‌ನ ಮೀನುಗಳು ಅದರ ಜೊತೆ ಬದುಕಲು ಕಲಿತಿದ್ದವು. ಲೇಕ್ ಟ್ರೌಟ್‌ಗೆ ಅದು ಗೊತ್ತೇ ಇರಲಿಲ್ಲ. ಮೊದಲೇ ಬಲೆಗಳಿಂದ ಸೊರಗಿದ್ದ ಟ್ರೌಟ್, 1950ರ ದಶಕದ ನಡುವಿನ ಹೊತ್ತಿಗೆ ಮಿಶಿಗನ್ ಸರೋವರದಿಂದ ಪೂರ್ತಿ ಮಾಯವಾಯಿತು.

ಇದಕ್ಕೆ ಮದ್ದು ಹುಡುಕಲು ಅಮೆರಿಕ, ಕೆನಡಾ ಕೈಜೋಡಿಸಿ 1955ರಲ್ಲಿ ಗ್ರೇಟ್ ಲೇಕ್ಸ್, ಅಂದರೆ ಮಿಶಿಗನ್ ಸೇರಿದಂತೆ ಅಲ್ಲಿನ ಐದು ಮಹಾಸರೋವರಗಳ, ಮೀನುಗಾರಿಕಾ ಆಯೋಗ ಕಟ್ಟಿದವು. ಹ್ಯಾಮಂಡ್ ಬೇ ಕೇಂದ್ರದಲ್ಲಿ ವರ್ನನ್ ಆಪಲ್‌ಗೇಟ್ ಮತ್ತು ಅವರ ತಂಡ ಸಾವಿರಾರು ರಾಸಾಯನಿಕಗಳನ್ನು ಒಂದೊಂದಾಗಿ ಗಾಜಿನ ಜಾಡಿಯಲ್ಲಿ ಪರೀಕ್ಷಿಸಿತು. ಲ್ಯಾಂಪ್ರೆ ಮರಿ ಸಾಯಬೇಕು, ಪಕ್ಕದ ಮೀನು ಬದುಕಬೇಕು, ಅಂಥದ್ದು ಬೇಕಿತ್ತು. ಕೊನೆಗೆ ಸಿಕ್ಕಿದ್ದು ಟಿಎಫ್‌ಎಂ. 1958ರಿಂದ ಲ್ಯಾಂಪ್ರೆ ಮರಿ ಇರುವ ಹೊಳೆಗಳಿಗೆ ಅದನ್ನು ಬಿಡುತ್ತಿದ್ದಾರೆ, ಈಗಲೂ. ಕೊರೋನಾ ಸಮಯದಲ್ಲಿ ಈ ಕೆಲಸ ಕುಂಟಿದಾಗ ಲ್ಯಾಂಪ್ರೆ ಮತ್ತೆ ಹೆಚ್ಚಿತು. ಒಂದೆರಡು ವರ್ಷ ಕೈಬಿಟ್ಟರೂ ತಲೆ ಎತ್ತುತ್ತದೆ ಅನ್ನುವುದಕ್ಕೆ ಬೇರೆ ಸಾಕ್ಷಿ ಬೇಡ.

ಅಷ್ಟರಲ್ಲಿ ಇನ್ನೊಬ್ಬ ಅತಿಥಿ ಬಂದಾಗಿತ್ತು. ಆಲ್‌ವೈಫ್ ಅಂತ, ಗೇಣುದ್ದದ ಬೆಳ್ಳಿ ಬಣ್ಣದ ಸಣ್ಣ ಮೀನು, ಹೆರಿಂಗ್ ಜಾತಿಯದು. ಮಿಶಿಗನ್ ಸರೋವರದಲ್ಲಿ ಮೊದಲು ಕಂಡದ್ದು 1949ರಲ್ಲಿ. ತಿನ್ನುವ ಟ್ರೌಟ್ ಇಲ್ಲ, ಹಾಗಾಗಿ ತಡೆಯುವವರೇ ಇಲ್ಲ. 1960ರ ದಶಕದಲ್ಲಿ ಸರೋವರದ ಮೀನಿನ ತೂಕದಲ್ಲಿ ಹೆಚ್ಚುಪಾಲು ಇದೊಂದೇ ಆಗಿಹೋಯಿತು. ಸಮುದ್ರದ ಮೀನಾದ್ದರಿಂದ ಇಲ್ಲಿನ ಚಳಿ ಮತ್ತು ದಿಢೀರ್ ಬಿಸಿ-ತಂಪು ಇದಕ್ಕೆ ತಡೆಯುವುದಿಲ್ಲ, ಸಾಮೂಹಿಕವಾಗಿ ಸಾಯುತ್ತದೆ. 1967ರ ಬೇಸಿಗೆಯಲ್ಲಿ ಕೋಟಿಗಟ್ಟಲೆ ಸತ್ತು ದಡಕ್ಕೆ ಬಂದವು. ಶಿಕಾಗೋದ ಕಡಲತೀರದಂಥ ಮರಳಿನಲ್ಲಿ ಬುಲ್ಡೋಜರ್ ತಂದು ಎತ್ತಬೇಕಾಯಿತು. ನಗರಕ್ಕೆ ನೀರೆತ್ತುವ ಜಾಲರಿಗಳಿಗೂ ಸತ್ತ ಮೀನು ಸಿಕ್ಕಿಕೊಂಡಿತು. ಆ ನಾತದಲ್ಲಿ ಪ್ರವಾಸಿಗರು ಯಾರು ಬರುತ್ತಾರೆ?

ಹಾವರ್ಡ್ ಟ್ಯಾನರ್ ಬರುವುದು ಇಲ್ಲಿ. 1964ರಲ್ಲಿ ಅವರು ಮಿಶಿಗನ್ ರಾಜ್ಯದ ಮೀನುಗಾರಿಕಾ ವಿಭಾಗದ ಮುಖ್ಯಸ್ಥರಾದರು. ಏನಾದರೂ ದೊಡ್ಡದು ಮಾಡು ಅನ್ನುವುದೇ ಮೇಲಧಿಕಾರಿಯ ಸೂಚನೆ. ಟ್ಯಾನರ್ ಯೋಚಿಸಿದ್ದು ಹೀಗೆ: ಇಷ್ಟೊಂದು ಆಲ್‌ವೈಫ್ ಇದೆ, ಇದನ್ನು ತಿಂದು ದಪ್ಪಗಾಗುವ, ಜನ ಹುಚ್ಚೆದ್ದು ಹಿಡಿಯುವ ಮೀನು ಯಾವುದು? ಸಾಲ್ಮನ್ ಬಿಡುವ ಪ್ರಯತ್ನ 1870ರ ದಶಕದಿಂದಲೇ ನಡೆದು ಸೋತಿತ್ತು. ಆದರೆ ಈಗ ಸರೋವರವೇ ಬೇರೆಯಾಗಿತ್ತು. ಆ ಹೊತ್ತಿಗೆ ಆರೆಗನ್ ರಾಜ್ಯದ ಮರಿಕೇಂದ್ರಗಳಲ್ಲಿ ಕೋಹೋ ಸಾಲ್ಮನ್ ಮೊಟ್ಟೆ ಮಿಕ್ಕುತ್ತಿತ್ತು. ಅಲ್ಲಿಂದ ಮೊಟ್ಟೆ ತರಿಸಿ, ಮರಿ ಮಾಡಿ, 1966ರ ಏಪ್ರಿಲ್ 2ರಂದು ಪ್ಲಾಟ್ ನದಿಗೆ ಬಿಟ್ಟರು. ಮರುವರ್ಷ ಚಿನೂಕ್ ಮರಿಗಳನ್ನೂ ಬಿಟ್ಟರು.

ಮರಿಗಳು ತಿಂದವು ಅಂದರೆ ತಿಂದವು! 1967ರ ಶರತ್ಕಾಲದಲ್ಲಿ ಹಿಂದಿರುಗಿದ ಕೋಹೋ ನೋಡಲು, ಹಿಡಿಯಲು ಜನ ಮುಗಿಬಿದ್ದರು. ಹೋಟೆಲಲ್ಲಿ ಕೋಣೆ ಇಲ್ಲ, ದೋಣಿ ಇಳಿಸುವ ಜಾಗಕ್ಕೆ ಕಿಲೋಮೀಟರ್‌ಗಟ್ಟಲೆ ಸಾಲು. ಸಣ್ಣ ಕೆರೆಯಲ್ಲಿ ಓಡಾಡುವ ಪುಟ್ಟ ದೋಣಿ ತಂದವರೇ ಜಾಸ್ತಿ. ಸೆಪ್ಟೆಂಬರ್ 23ರಂದು ಬಿರುಗಾಳಿ ಎದ್ದಾಗ ಅನೇಕ ದೋಣಿ ಮಗುಚಿ ಏಳು ಜನ ಸತ್ತರು. ಈ ಮೀನುಗಾರಿಕೆಯ ಸಂಭ್ರಮದ ಕಥೆ ಹೇಳುವವರು ಇದನ್ನು ಬಿಡಬಾರದು.

ಇನ್ನೊಂದು ವಿಷಯವನ್ನೂ ಬಿಡಬಾರದು. ಸಾಲ್ಮನ್ ತಂದ ತೀರ್ಮಾನದ ಜೊತೆಗೇ ಸರೋವರ ಯಾರದ್ದು ಅನ್ನುವ ತೀರ್ಮಾನವೂ ಆಯಿತು. ಮೀನನ್ನು ಬಲೆ ಹಾಕಿ ಮಾರುವವರಿಗಲ್ಲ, ಗಾಳ ಹಾಕುವ ಹವ್ಯಾಸಿಗಳಿಗೆ, ಲೈಸೆನ್ಸ್ ಹಣಕ್ಕೆ, ಪ್ರವಾಸೋದ್ಯಮಕ್ಕೆ ಮೀಸಲಿಟ್ಟರು. ಹವ್ಯಾಸಿ ಹಿಡಿದ ಮೀನನ್ನು ಮಾರುವಂತಿಲ್ಲ. ಹಾಗಾಗಿಯೇ ಸರೋವರದ ಚಿನೂಕ್‌ಗೆ ಹೊಗೆ ಹಾಕುವುದು ಇಂದಿಗೂ ಹೆಚ್ಚಾಗಿ ಮನೆ ಹಿತ್ತಲಿನ ಕೆಲಸ, ಅಂಗಡಿಯದ್ದಲ್ಲ. ಮೂಲನಿವಾಸಿಗಳಿಗೆ 1836ರ ಒಪ್ಪಂದದಲ್ಲೇ ಮೀನು ಹಿಡಿಯುವ ಹಕ್ಕು ಉಳಿದಿತ್ತು. ರಾಜ್ಯ ಅದನ್ನು ಒಪ್ಪಲಿಲ್ಲ, ದಡದಲ್ಲಿ ಹೊಡೆದಾಟದವರೆಗೂ ಹೋಯಿತು. 1979ರಲ್ಲಿ ಫೆಡರಲ್ ನ್ಯಾಯಾಧೀಶ ನೋಯಲ್ ಫಾಕ್ಸ್ ಬುಡಕಟ್ಟುಗಳ ಪರ ತೀರ್ಪು ಕೊಟ್ಟರು.

ಈಗ ಹಿಡಿಯುವ ಬಗೆ. ಚಿನೂಕ್‌ಗೆ ತಂಪು ನೀರು ಬೇಕು, 10ರಿಂದ 13 ಡಿಗ್ರಿ ಸೆಲ್ಸಿಯಸ್ ಆಸುಪಾಸು. ಬೇಸಿಗೆಯಲ್ಲಿ ಮೇಲಿನ ನೀರು ಬೆಚ್ಚಗಾದಾಗ ಆ ತಂಪಿನ ಪದರ ಕೆಳಗಿಳಿಯುತ್ತದೆ, ಮೀನೂ ಅದರ ಜೊತೆ ಇಳಿಯುತ್ತದೆ. ಆ ಆಳಕ್ಕೆ ಗಾಳ ಕಳಿಸಲು ಡೌನ್‌ರಿಗ್ಗರ್ ಬಳಸುತ್ತಾರೆ. ದೋಣಿಯ ಹಿಂದೆ ಒಂದು ರಾಟೆ, ಅದರ ತಂತಿಯ ತುದಿಯಲ್ಲಿ ನಾಲ್ಕೈದು ಕಿಲೋ ಸೀಸದ ಗುಂಡು. ಗಾಳದ ದಾರವನ್ನು ಗುಂಡಿನ ಹತ್ತಿರ ಒಂದು ಕ್ಲಿಪ್ಪಿಗೆ ಸಿಗಿಸಿ ಇಳಿಸುತ್ತಾರೆ. ಕೋಲು ಬಿಲ್ಲಿನಂತೆ ಬಾಗಿ ನಿಂತಿರುತ್ತದೆ. ಮೀನು ಕಚ್ಚಿದಾಗ ದಾರ ಕ್ಲಿಪ್ಪಿನಿಂದ ಬಿಟ್ಟುಕೊಂಡು ಕೋಲು ಒಮ್ಮೆಲೇ ನೆಟ್ಟಗಾಗುತ್ತದೆ, ಮರುಕ್ಷಣ ನೀರಿನ ಕಡೆ ಕುಸಿಯುತ್ತದೆ, ರೀಲು ಕಿರುಚುತ್ತದೆ. ಕತ್ತಲಿರುವಾಗ ಹೊಳೆಯುವ ಬಣ್ಣದ ಸ್ಪೂನ್‌ಗಳನ್ನು, ಅಂದರೆ ಚಮಚದಾಕಾರದ ಲೋಹದ ಹುಸಿ ಎರೆಗಳನ್ನು, ಟಾರ್ಚಿಗೆ ಹಿಡಿದು ಇಳಿಸುವುದೂ ಉಂಟು. 2021ರ ಆಗಸ್ಟಿನಲ್ಲಿ ಲಡಿಂಗ್ಟನ್ ಹತ್ತಿರ 47.86 ಪೌಂಡಿನ, ಅಂದರೆ 21 ಕಿಲೋ ಮೀರಿದ ಚಿನೂಕ್ ಸಿಕ್ಕಿ 1978ರ ರಾಜ್ಯ ದಾಖಲೆ ಮುರಿಯಿತು.

ಹೊಗೆಗೆ ಬರೋಣ. ಚರ್ಮ ಸಮೇತ ಸೀಳಿದ ಹೋಳುಗಳನ್ನು ಉಪ್ಪು, ಕಂದು ಸಕ್ಕರೆ ಹಾಕಿದ ನೀರಲ್ಲಿ ರಾತ್ರಿಯಿಡೀ ನೆನೆಸಿ, ತೊಳೆದು, ಗಾಳಿಗೆ ಇಡುತ್ತಾರೆ. ಒಂದೆರಡು ಗಂಟೆಯಲ್ಲಿ ಮೇಲೆ ಬೆರಳಿಗೆ ಅಂಟುವಂಥ ಹೊಳಪಿನ ಪೊರೆ ಬರುತ್ತದೆ. ಅದು ಬರದೆ ಹೊಗೆ ಹಿಡಿಯುವುದಿಲ್ಲ, ಇಲ್ಲಿ ಅವಸರ ಮಾಡಿದವರ ಮೀನು ಬಣ್ಣವೂ ಇಲ್ಲದೆ ರುಚಿಯೂ ಇಲ್ಲದೆ ಹೋಗುತ್ತದೆ. ಮೇಪಲ್, ಸೇಬು, ಚೆರ್ರಿ ಮರದ ಚೂರು ಒಳ್ಳೆಯದು, ಅಂಟು ಸುರಿಸುವ ಪೈನ್ ಬೇಡವೇ ಬೇಡ. ಶಾಖ ಬೇಗ ಏರಿಸಿದರೆ ಮಾಂಸದಿಂದ ಬಿಳಿ ಗಸಿ ಉಕ್ಕಿ ಹೋಳು ಒಣಕಲಾಗುತ್ತದೆ. ಹಾಗಂತ ಬರೀ ಹೊಗೆ ಕೊಟ್ಟು ನಿಲ್ಲಿಸಲೂ ಬಾರದು. ಕೊನೆಗೆ ಹೋಳಿನ ಒಳಗಿನ ಶಾಖ 66 ಡಿಗ್ರಿ ಮುಟ್ಟಿ ಕನಿಷ್ಠ ಅರ್ಧ ಗಂಟೆ ಅಲ್ಲೇ ಇರಬೇಕು, ಆಮೇಲೆ ಫ್ರಿಜ್. ಈ ಕಟ್ಟುನಿಟ್ಟಿಗೆ ಹಿನ್ನೆಲೆ ಇದೆ. 1963ರಲ್ಲಿ ಗ್ರೇಟ್ ಲೇಕ್ಸ್‌ನ ಹೊಗೆ ಮೀನನ್ನು ಗಾಳಿ ತೆಗೆದ ಪ್ಯಾಕೆಟ್‌ಗಳಲ್ಲಿ ಮಾರಿದಾಗ ಬಾಟುಲಿಸಂ ಅನ್ನುವ, ಬ್ಯಾಕ್ಟೀರಿಯಾದ ವಿಷದಿಂದಾಗುವ ರೋಗ ಬಂದು ಜನ ಸತ್ತರು. ಗಾಳಿ ಇಲ್ಲದ ಕಡೆ ಆ ಬ್ಯಾಕ್ಟೀರಿಯಾ ಚೆನ್ನಾಗಿ ಬೆಳೆಯುತ್ತದೆ. ಈ ಜಾತಿಯದ್ದು ಫ್ರಿಜ್ಜಿನ ತಂಪಿನಲ್ಲೂ ನಿಧಾನಕ್ಕೆ ಬೆಳೆಯಬಲ್ಲದು. ಉಪ್ಪು, ಶಾಖ ಎರಡರ ನಿಯಮವೂ ಬಿಗಿಯಾದದ್ದು ಅದರ ನಂತರ.

ಇನ್ನೊಂದು ಕಷ್ಟ ಹೊಗೆಯಿಂದ ಹೋಗುವಂಥದ್ದಲ್ಲ. 1969ರಲ್ಲಿ ಕೇಂದ್ರದ ಅಧಿಕಾರಿಗಳು ಮಿಶಿಗನ್ ಸರೋವರದ ಟನ್‌ಗಟ್ಟಲೆ ಕೋಹೋ ಜಪ್ತಿ ಮಾಡಿದರು, ಕೀಟನಾಶಕ ಡಿಡಿಟಿ ಜಾಸ್ತಿ ಇದೆ ಅಂತ. ಅದೇ ವರ್ಷ ರಾಜ್ಯ ಡಿಡಿಟಿ ಮಾರಾಟ ನಿಲ್ಲಿಸಿತು. ಆಮೇಲೆ ಕಾರ್ಖಾನೆಗಳಿಂದ ಬರುವ ಪಿಸಿಬಿ ಎಂಬ ವಿಷ ರಾಸಾಯನಿಕದ ವಿಷಯ ಬಂತು. ಎರಡೂ ಕೊಬ್ಬಿನಲ್ಲಿ ಕೂರುತ್ತವೆ, ಸಣ್ಣ ಮೀನಿನಿಂದ ದೊಡ್ಡದಕ್ಕೆ ಏರುತ್ತಾ ಹೋಗುತ್ತವೆ. ಹೊಗೆಗೆ ಅತಿ ರುಚಿಯಾದ ಭಾಗ ಹೊಟ್ಟೆಯ ಕೊಬ್ಬಿನ ಪಟ್ಟಿ, ವಿಷ ಜಾಸ್ತಿ ಇರುವುದೂ ಅಲ್ಲೇ. ಹಿಂದಿಗಿಂತ ಮಟ್ಟ ತುಂಬಾ ಇಳಿದಿದೆ, ನಿಜ. ಆದರೂ ಚರ್ಮ, ಹೊಟ್ಟೆಯ ಕೊಬ್ಬು, ಪಕ್ಕದ ಕಪ್ಪು ಮಾಂಸ ತೆಗೆದು ತಿನ್ನಿ, ತಿಂಗಳಿಗೆ ಇಷ್ಟೇ ತಿನ್ನಿ ಅನ್ನುವ ಸೂಚನೆ ಇವತ್ತಿಗೂ ಇದೆ. ಮಕ್ಕಳಿರುವ ಮನೆಯವರು, ಗರ್ಭಿಣಿಯರು ಅದನ್ನು ಓದಲೇಬೇಕು.

1980ರ ದಶಕದ ಕೊನೆಯಲ್ಲಿ ಚಿನೂಕ್‌ಗೆ ಮೂತ್ರಪಿಂಡದ ಬ್ಯಾಕ್ಟೀರಿಯಾ ರೋಗ ಬಂದು ಸಾಮೂಹಿಕವಾಗಿ ಸತ್ತವು. ಹೇಗೋ ಚೇತರಿಸಿಕೊಂಡವು. ಅದಕ್ಕಿಂತ ದೊಡ್ಡ ಏಟು ಹಡಗುಗಳ ತಳದ ನೀರಿನಲ್ಲಿ ಬಂತು, ಕಪ್ಪು ಸಮುದ್ರದ ಕಡೆಯ ಝೀಬ್ರಾ ಮತ್ತು ಕ್ವಾಗಾ ಎಂಬ ಚಿಪ್ಪುಜೀವಿಗಳು. ಕ್ವಾಗಾ ಸರೋವರದ ತಳವನ್ನೆಲ್ಲ ಹಾಸಿಕೊಂಡು ನೀರನ್ನು ಸೋಸಿ ಸೋಸಿ ಪ್ಲಾಂಕ್ಟನ್, ಅಂದರೆ ನೀರಿನಲ್ಲಿ ತೇಲುವ ಸೂಕ್ಷ್ಮ ಜೀವಿಗಳನ್ನು, ತಿಂದುಬಿಟ್ಟಿತು. ನೀರು ತಿಳಿಯಾಗಿ ಕಾಣುತ್ತದೆ, ಚೆಂದ ಅನ್ನಿಸುತ್ತದೆ, ಆದರೆ ಅದು ಹಸಿದ ನೀರು. ಆಲ್‌ವೈಫ್‌ಗೆ ತಿನ್ನಲು ಇಲ್ಲ, ಅದನ್ನು ನಂಬಿದ ಸಾಲ್ಮನ್‌ಗೂ ಇಲ್ಲ. ಪಕ್ಕದ ಹ್ಯೂರನ್ ಸರೋವರದಲ್ಲಿ 2003-04ರ ಹೊತ್ತಿಗೆ ಆಲ್‌ವೈಫ್ ಕುಸಿಯಿತು, ಹಿಂದೆಯೇ ಚಿನೂಕ್ ಕುಸಿಯಿತು. ಗಾಳದ ಅಂಗಡಿ, ಬಾಡಿಗೆ ದೋಣಿ ನಂಬಿದ್ದ ಊರುಗಳು ಬಡವಾದವು. ಇನ್ನೊಂದು ಕಡೆ, ಆಲ್‌ವೈಫ್ ಹೋದ ಮೇಲೆ ಅಲ್ಲಿನ ಸ್ವಂತ ಮೀನಾದ ವಾಲಿ ಸ್ಯಾಗಿನಾ ಕೊಲ್ಲಿಯಲ್ಲಿ ತುಂಬಿಕೊಂಡಿತು. ಲೇಕ್ ಟ್ರೌಟ್‌ಗೂ ಒಳ್ಳೆಯದಾಯಿತು. ಆಲ್‌ವೈಫ್ ತಿಂದ ಟ್ರೌಟ್‌ಗೆ ಥಯಾಮಿನ್ (ವಿಟಮಿನ್ ಬಿ1) ಕೊರತೆ ಬಂದು ಮರಿ ಉಳಿಯುವುದಿಲ್ಲ, ಆ ಕಾಟ ಕಡಿಮೆಯಾಯಿತು.

ಹ್ಯೂರನ್ ನೋಡಿ ಹೆದರಿದ ಮಿಶಿಗನ್ ಸರೋವರದ ನಿರ್ವಾಹಕರು ಬಿಡುವ ಚಿನೂಕ್ ಮರಿಗಳನ್ನು ಕಡಿಮೆ ಮಾಡುತ್ತಾ ಬಂದರು, 1999, 2006, ಆಮೇಲೆ 2013ರಲ್ಲಿ ದೊಡ್ಡ ಕಡಿತ. ಈಚೆಗೆ ಒಂದಿಷ್ಟು ಏರಿಸಿದ್ದೂ ಇದೆ. ಲೆಕ್ಕ ಸುಲಭವಲ್ಲ, ಯಾಕೆಂದರೆ ಸರೋವರದ ಚಿನೂಕ್‌ನಲ್ಲಿ ಅರ್ಧಕ್ಕಿಂತ ಹೆಚ್ಚು ಈಗ ಹೊಳೆಗಳಲ್ಲಿ ತಾನೇ ಹುಟ್ಟಿದ್ದು. ಅದರ ಸಂಖ್ಯೆ ಯಾರ ಕೈಯಲ್ಲೂ ಇಲ್ಲ. ಚಾರ್ಟರ್ ದೋಣಿಯವರು ಇನ್ನಷ್ಟು ಬಿಡಿ ಅನ್ನುತ್ತಾರೆ, ಅವರ ಹೊಟ್ಟೆಪಾಡು. ನನ್ನ ಮಟ್ಟಿಗೆ ಕಡಿತ ಸರಿಯಾಗಿಯೇ ಇತ್ತು. ಆಲ್‌ವೈಫ್ ಒಮ್ಮೆ ಮುಗಿದರೆ ಮರಿ ಬಿಟ್ಟು ಪ್ರಯೋಜನವಿಲ್ಲ. ನಮ್ಮ ಕಾವೇರಿಯಲ್ಲೂ ಗಾಳದವರಿಗೆ ಮೀನು ಇರಲಿ ಅಂತ ಹ್ಯಾಚರಿಯ ಬೇರೆ ಜಾತಿಯ ಮಹಶೀರ್ ಮರಿ ಬಿಟ್ಟದ್ದು, ಅಲ್ಲಿನದ್ದೇ ಆದ ಗೂನುಬೆನ್ನಿನ ಮಹಶೀರ್ ಇವತ್ತು ಅಳಿವಿನ ಅಂಚಿಗೆ ಬಂದದ್ದು ಗೊತ್ತಿದ್ದವರಿಗೆ ಈ ಚರ್ಚೆ ಪರದೇಶದ್ದು ಅನ್ನಿಸಲಾರದು.

ಈ ಗಲಾಟೆಯಲ್ಲಿ ಹಿಂದೆ ಬಿದ್ದಿರುವುದು ವೈಟ್‌ಫಿಶ್. ಫಿಶ್‌ಟೌನ್‌ನ ಹೊಗೆಗೂಡುಗಳನ್ನು ನಿಜಕ್ಕೂ ತುಂಬಿಸುತ್ತಿದ್ದ ಮೀನು ಅದು, ಬುಡಕಟ್ಟು ಬೆಸ್ತರ ಅನ್ನವೂ ಅದೇ. ಕ್ವಾಗಾ ಪ್ಲಾಂಕ್ಟನ್ ತಿಂದ ಮೇಲೆ ಅದರ ಮರಿಗಳು ಮೊದಲ ವಾರಗಳಲ್ಲೇ ಹಸಿದು ಸಾಯುತ್ತಿವೆ, ಸಂಖ್ಯೆ ವರ್ಷವರ್ಷಕ್ಕೆ ಇಳಿಯುತ್ತಿದೆ. ಬುಡಕಟ್ಟುಗಳು ಮರಿಗಳನ್ನು ಕೊಳದಲ್ಲಿ ಸ್ವಲ್ಪ ದೊಡ್ಡದು ಮಾಡಿ ಬಿಡುವ ಪ್ರಯತ್ನಕ್ಕೆ ಕೈಹಾಕಿವೆ. ಸಾಲ್ಮನ್ ಮರಿ ಬೆಳೆಸಲು ಅರವತ್ತು ವರ್ಷ ಹಣ, ಹ್ಯಾಚರಿ, ಅನುಭವ ಎಲ್ಲ ಹಾಕಿದ ರಾಜ್ಯಗಳು ಅದರಲ್ಲಿ ಒಂದು ಪಾಲನ್ನು ಈಗ ವೈಟ್‌ಫಿಶ್‌ಗೂ ಕೊಡಬೇಕು.