ಮೂಗಿನ ದುರ್ಮಾಂಸ ಅಲರ್ಜಿಯಿಂದಲೇ ಬರುತ್ತದೆಯೇ?

ಪ್ರಶ್ನೆ: ನನಗೆ 41 ವರ್ಷ. ತಿಕೋಟಾ ಕಡೆ ದ್ರಾಕ್ಷಿ ತೋಟವಿದೆ, ಸ್ವಲ್ಪ ಜೋಳವನ್ನೂ ಬೆಳೆಯುತ್ತೇವೆ. ರಾಶಿಯ ಕಾಲ ಬಂತೆಂದರೆ ಸೀನು ನಿಲ್ಲುವುದಿಲ್ಲ. ಇದು ಹತ್ತು ವರ್ಷದ ಕಾಟ. ಈ ವರ್ಷ ಎರಡೂ ಹೊಳ್ಳೆ ಕಟ್ಟಿ, ವಾಸನೆಯೇ ತಿಳಿಯದಂತಾಗಿದೆ. ವಿಜಯಪುರದಲ್ಲಿ ತೋರಿಸಿದಾಗ ದುರ್ಮಾಂಸ ಬೆಳೆದಿದೆ ಎಂದರು. ಇದು ಅಲರ್ಜಿಯಿಂದಲೇ ಬಂದದ್ದೇ? ಅಲರ್ಜಿ ಗುಳಿಗೆಯಿಂದ ಕರಗುತ್ತದೆಯೇ?

ಉತ್ತರ: ಅಲರ್ಜಿಯೊಂದೇ ಇದಕ್ಕೆ ಕಾರಣವೆಂದು ಹೇಳಲಾಗದು. ಅಲರ್ಜಿ ಗುಳಿಗೆಯಿಂದ ಸೀನು, ತುರಿಕೆ ಕಡಿಮೆಯಾಗಬಹುದು, ದುರ್ಮಾಂಸ ಕರಗುವುದಿಲ್ಲ.

ದ್ರಾಕ್ಷಿ ಬೆಳೆಯುವ ನಿಮಗೆ ಇದರ ರೂಪವನ್ನು ತಿಳಿಸುವುದು ಸುಲಭ. ಮಾಗಿದ ಬಿಳಿ ದ್ರಾಕ್ಷಿಯ ಸಿಪ್ಪೆ ಸುಲಿದಾಗ ನೀರು ತುಂಬಿದಂತೆ ಕಾಣುವ ಮಸುಕು ತಿರುಳಿದೆಯಲ್ಲ, ಮೂಗಿನೊಳಗೆ ತೂರಿಸಿ ನೋಡುವ ಎಂಡೋಸ್ಕೋಪ್ ಎಂಬ ಸಪೂರ ಕೊಳವೆಯಲ್ಲಿ ದುರ್ಮಾಂಸ, ಅಂದರೆ ಪಾಲಿಪ್, ಹೆಚ್ಚುಕಡಿಮೆ ಹಾಗೆಯೇ ಕಾಣುತ್ತದೆ, ಮುಟ್ಟಿದರೆ ನೋಯುವುದಿಲ್ಲ. ಹೆಸರಿನಲ್ಲಿ ಮಾಂಸವಿದ್ದರೂ ಅದು ಮಾಂಸವಲ್ಲ. ಎರಡು ಕಣ್ಣುಗಳ ನಡುವೆ ಜೇನುಗೂಡಿನಂತಿರುವ ಸೈನಸ್‌ಗಳೆಂಬ ಗಾಳಿಗೂಡುಗಳ ಒಳಪೊರೆಯು ಬಹುಕಾಲದ ಉರಿಯೂತದಿಂದ ನೀರು ತುಂಬಿ, ಊದಿ, ಮೂಗಿನೊಳಕ್ಕೆ ಜೋತುಬಿದ್ದಾಗ ಅದನ್ನು ಪಾಲಿಪ್ ಎನ್ನುತ್ತೇವೆ. ಟಾರ್ಚ್ ಹಿಡಿದು ಕನ್ನಡಿಯಲ್ಲಿ ನೋಡಿಕೊಂಡವರಿಗೆ ಕಾಣುವ ಗುಲಾಬಿ ಬಣ್ಣದ ಉಬ್ಬು ಬಹಳ ಸಲ ಪಾಲಿಪ್ ಆಗಿರುವುದಿಲ್ಲ. ಅದು ಎಲ್ಲರ ಮೂಗಿನಲ್ಲೂ ಇರುವ, ಅಲರ್ಜಿಯಲ್ಲಿ ಊದಿಕೊಳ್ಳುವ ಟರ್ಬಿನೇಟ್. ಅದನ್ನೇ ದುರ್ಮಾಂಸವೆಂದು ತಿಳಿದು ಹೆದರಿ ಬರುವವರು ಅನೇಕರು.

ಅಲರ್ಜಿ ನೆಗಡಿ ಇರುವವರಲ್ಲಿ ಬಹುಪಾಲು ಜನರಿಗೆ ಪಾಲಿಪ್ ಬರುವುದೇ ಇಲ್ಲ. ಪಾಲಿಪ್ ಇರುವ ಅನೇಕರ ಅಲರ್ಜಿ ಪರೀಕ್ಷೆಯಲ್ಲಿ ಏನೂ ಸಿಗುವುದಿಲ್ಲ. ಪಾಲಿಪ್ ಕಾಣುವುದು 100 ಜನರಲ್ಲಿ 1ರಿಂದ 4 ಮಂದಿಗೆ ಮಾತ್ರ, ಅಲರ್ಜಿ ನೆಗಡಿಯಾದರೋ ಅದಕ್ಕಿಂತ ಎಷ್ಟೋ ಹೆಚ್ಚು ಜನರಲ್ಲಿದೆ. ಹಾಗಿದ್ದೂ ಎರಡನ್ನೂ ಒಂದೇ ಎಂದು ಭಾವಿಸಲು ಕಾರಣವಿದೆ: ಇಯೊಸಿನೊಫಿಲ್ ಎಂಬ ಬಿಳಿ ರಕ್ತಕಣಗಳು ಎರಡರಲ್ಲೂ ಒಳಪೊರೆಗೆ ನುಗ್ಗುತ್ತವೆ. ಅಲರ್ಜಿಯಲ್ಲಿ ಅವನ್ನು ಕೆರಳಿಸುವುದು ಹೊಟ್ಟಿನ ದೂಳು, ಕಾಂಗ್ರೆಸ್ ಕಸದ ಪರಾಗದಂತಹ ಹೊರಗಿನ ವಸ್ತು. ಅದು ದೂರವಾದರೆ ಸೀನು ತಗ್ಗುತ್ತದೆ. ಪಾಲಿಪ್‌ನಲ್ಲಿ ಉರಿಯೂತವು ಹೊರಗಿನ ಪ್ರಚೋದನೆಯಿಲ್ಲದೆಯೂ ವರ್ಷಗಟ್ಟಲೆ ನಡೆಯಬಲ್ಲದು. ನಿಮಗೆ ಎರಡೂ ಇರುವುದರಿಂದ ರಾಶಿಯ ದೂಳು ಮೂಗಿನ ತೊಂದರೆಯನ್ನು ಹೆಚ್ಚಿಸುತ್ತಿರಬಹುದು; ಆಗ ಮೂಗು, ಬಾಯಿಗೆ ಮಾಸ್ಕ್ ಕಟ್ಟಿಕೊಳ್ಳಿ.

ಪಾಲಿಪ್‌ಗೆ ಅಲರ್ಜಿಗಿಂತ ಹತ್ತಿರದ ನಂಟು ಉಬ್ಬಸದ್ದು. ಆಸ್ಪಿರಿನ್, ಐಬುಪ್ರೊಫೆನ್‌ನಂತಹ ನೋವಿನ ಗುಳಿಗೆ ನುಂಗಿದ ಸ್ವಲ್ಪ ಹೊತ್ತಿನಲ್ಲೇ ಮೂಗು ಕಟ್ಟಿ ದಮ್ಮು ಹತ್ತಿದ್ದುಂಟೇ ಎಂದು ನೆನಪಿಸಿಕೊಳ್ಳಿ. ಪಾಲಿಪ್, ಉಬ್ಬಸ, ಈ ಗುಳಿಗೆಗಳು ಒಗ್ಗದಿರುವುದು ಮೂರೂ ಒಬ್ಬರಲ್ಲೇ ಕೂಡಿಬರುವುದನ್ನು ಫ್ರಾನ್ಸಿನ ವೈದ್ಯರು 1922ರಲ್ಲೇ ಗುರುತಿಸಿದ್ದರು. ಹಾಗಾಗಿದ್ದರೆ ವೈದ್ಯರಿಗೆ ತಪ್ಪದೆ ತಿಳಿಸಿ. ಮುಂದೆ ಸಂಧಿನೋವಿಗೆಂದು ಯಾರೋ ಕೊಟ್ಟ ಒಂದು ಗುಳಿಗೆ ಪ್ರಾಣಕ್ಕೆ ಕುತ್ತಾಗಬಹುದು.

ಚಿಕಿತ್ಸೆಯ ಮುಖ್ಯ ಭಾಗ ಸ್ಟಿರಾಯ್ಡ್ ಸ್ಪ್ರೇ, ಜೊತೆಗೆ ಕುದಿಸಿ ಆರಿಸಿದ ನೀರಿನಲ್ಲಿ ಕಲಸಿದ ಉಪ್ಪುನೀರಿನಿಂದ ಮೂಗು ತೊಳೆಯುವುದು. ಸ್ಪ್ರೇ ಕೆಲಸ ಮಾಡಲಿಲ್ಲ ಎನ್ನುವವರಲ್ಲಿ ಅನೇಕರು ಅದನ್ನು ಹೊಡೆಯುವ ರೀತಿಯಲ್ಲೇ ತಪ್ಪಿರುತ್ತಾರೆ. ತಲೆಯನ್ನು ಸ್ವಲ್ಪ ಮುಂದಕ್ಕೆ ಬಾಗಿಸಿ, ಬಲ ಹೊಳ್ಳೆಗೆ ಎಡಗೈಯಿಂದಲೂ ಎಡ ಹೊಳ್ಳೆಗೆ ಬಲಗೈಯಿಂದಲೂ ಹಿಡಿದು, ತುದಿಯು ನಡುಗೋಡೆಯ ಕಡೆಗಲ್ಲದೆ ಅದೇ ಬದಿಯ ಕಿವಿಯ ಕಡೆಗಿರುವಂತೆ ಒತ್ತಬೇಕು. ಬಳಿಕ ಜೋರಾಗಿ ಎಳೆದರೆ ಔಷಧವೆಲ್ಲ ಗಂಟಲಿಗೆ ಇಳಿಯುತ್ತದೆ. ಪರಿಣಾಮ ಕಾಣಲು ವಾರಗಳೇ ಬೇಕು. ಮೆಡಿಕಲ್ ಅಂಗಡಿಯಲ್ಲಿ ಸಿಗುವ, ಹಾಕಿದ ಕೂಡಲೇ ಮೂಗು ಬಿಡಿಸುವ ಹನಿಗಳು ಬೇರೆ. ಅವನ್ನು ಒಂದು ವಾರ ಮೀರಿ ಬಳಸಿದರೆ ಮೂಗು ಮತ್ತಷ್ಟು ಕಟ್ಟುತ್ತದೆ.

ಇಷ್ಟಕ್ಕೂ ಬಗ್ಗದಿದ್ದರೆ ಎಂಡೋಸ್ಕೋಪ್ ಶಸ್ತ್ರಚಿಕಿತ್ಸೆ ಮಾಡುತ್ತಾರೆ. ಆಪರೇಶನ್ ಆದ ಮೇಲೂ ಸ್ಪ್ರೇ ನಿಲ್ಲಿಸಬಾರದು. ನಿಲ್ಲಿಸಿದವರಲ್ಲಿ ಪಾಲಿಪ್ ಮತ್ತೆ ಬೆಳೆಯುವ ಸಂಭವ ಹೆಚ್ಚು, ಏಕೆಂದರೆ ಕತ್ತರಿಸಿ ತೆಗೆದದ್ದು ಊತವನ್ನೇ ಹೊರತು ಉರಿಯೂತವನ್ನಲ್ಲ. ತೀವ್ರ ಸ್ವರೂಪದವರಿಗೆ ಡ್ಯುಪಿಲುಮ್ಯಾಬ್‌ನಂತಹ ಚುಚ್ಚುಮದ್ದುಗಳಿವೆ, ಆದರೆ ಬಲು ದುಬಾರಿ.

ನಿಮಗಿರುವುದು ಎರಡೂ ಬದಿಗೆ. ಒಂದೇ ಹೊಳ್ಳೆಯಲ್ಲಿ ಬೆಳೆದಿದ್ದರೆ ಅಥವಾ ರಕ್ತ ಬರುತ್ತಿದ್ದರೆ ಮಾತು ಬೇರೆ: ಅದನ್ನು ಅಲರ್ಜಿಯ ಲೆಕ್ಕಕ್ಕೆ ಹಾಕದೆ ಸಿಟಿ ಸ್ಕ್ಯಾನ್ ಮಾಡಿಸಿ, ಅಗತ್ಯವಿದ್ದರೆ ಚೂರು ತೆಗೆದು ಪರೀಕ್ಷಿಸಲೇಬೇಕು.

ವಾಸನೆ ಮರಳುವವರೆಗೆ ತೋಟಕ್ಕೆ ಔಷಧ ಹೊಡೆಯುವ ಕೆಲಸಕ್ಕೆ ಒಬ್ಬರೇ ಹೋಗಬೇಡಿ. ಅಡುಗೆಮನೆಯ ಗ್ಯಾಸ್ ಸೋರುತ್ತಿದೆಯೇ ಎಂಬುದನ್ನು ವಾಸನೆ ತಿಳಿಯುವ ಮನೆಯವರೊಬ್ಬರು ದಿನಾ ರಾತ್ರಿ ನೋಡಿ ಮಲಗಲಿ.